ದಸರೆಗೆ ಮಸಾಯಿ ಮಾರಾ, ಬೇಸಗೆಗೆ ಕಬಿನಿ

ಕುಂದಾಪುರ ಸೀಮೆಯ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ಶಾಲೆಯ ರಜೆ ನೋಡಿಕೊಂಡು. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಬೇಸಗೆ ರಜೆ. ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರಿನಲ್ಲೋ ದಸರಾ ರಜೆ. ಬೀಜಾಡಿ, ಗೋಪಾಡಿ, ಕೋಟೇಶ್ವರದ ಕಡೆ ಮುಂಬಯಿ, ಬೆಂಗಳೂರು, ದುಬೈಗಳಲ್ಲಿ ದುಡಿಯುವ ಮಂದಿ ಊರಿಗೆ ಬರುವುದೂ ಹೆಚ್ಚಾಗಿ ಈ ಎರಡು ಹೊತ್ತಿನಲ್ಲೇ. ಮನೆಮಂದಿ ಎಲ್ಲ ಸೇರಿದಾಗ ಈಗೀಗ ಕೇಳಿಬರುವ ಹೊಸ ಆಸೆಯೊಂದಿದೆ: ಒಮ್ಮೆ ಆಫ್ರಿಕದ ಸಿಂಹ ನೋಡಿ ಬರಬೇಕು, ಕೈಯಲ್ಲಿರುವುದು ಐದಾರು ದಿನ ಮಾತ್ರ, ಆದೀತೇ?

ಆದೀತು. ಆದರೆ ಯಾವ ರಜೆಯಲ್ಲಿ ಹೊರಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಬೇಸಗೆ ರಜೆಯಲ್ಲಿ ಕೆನ್ಯಾದ ಪ್ಯಾಕೇಜುಗಳು ಅಗ್ಗವಾಗಿ ಸಿಗುತ್ತವೆ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ ಎನ್ನುವುದೇ ಆ ಅಗ್ಗದ ಬೆಲೆಗೆ ಕಾರಣ. ಅಲ್ಲಿನ ಮಸಾಯಿ ಮಾರಾ ವನ್ಯಜೀವಿ ಮೀಸಲಿನ ಬಹುಪಾಲು ನೆಲ ಕಪ್ಪು ಎರೆಮಣ್ಣು. ನಾಲ್ಕು ಮಳೆ ಬಿದ್ದರೆ ದಾರಿಯೆಲ್ಲ ಅಂಟುಕೆಸರು, ಜೀಪು ಹೂತರೆ ಅರ್ಧ ದಿನ ಹೋಯಿತು. ಹುಲ್ಲು ಆಳೆತ್ತರಕ್ಕೆ ಏರುವುದರಿಂದ ಅದರೊಳಗೆ ಮಲಗಿದ ಸಿಂಹ ಹತ್ತು ಮಾರು ದೂರದಲ್ಲಿದ್ದರೂ ಕಾಣದು. ಅಂತೆಯೇ ಕೆಲವು ಶಿಬಿರಗಳು ಆ ತಿಂಗಳುಗಳಲ್ಲಿ ಬಾಗಿಲು ಹಾಕುತ್ತವೆ. ಮೂರು ವಾರ ಇದ್ದು ನೋಡುವ ಛಾಯಾಗ್ರಾಹಕನಿಗೆ ಮಳೆಯೂ ಒಂದು ಸೊಗಸು. ಎರಡು ಹಗಲಷ್ಟೇ ಇರುವ ಕುಟುಂಬಕ್ಕೆ ಹಾಗಲ್ಲ. ದಸರಾ ರಜೆಯ ಹೊತ್ತಿಗಾದರೆ ಮಾರಾದಲ್ಲಿ ಒಣಗಾಲ. ಹುಲ್ಲು ಮೇಯ್ದು ತಗ್ಗಾಗಿರುತ್ತದೆ, ನೀರು ನದಿಯಲ್ಲಷ್ಟೇ ಉಳಿದಿರುತ್ತದೆ, ನೆರೆಯ ತಾಂಜಾನಿಯಾದ ಸೆರೆಂಗೆಟಿಯಿಂದ ಬಂದ ಲಕ್ಷಗಟ್ಟಲೆ ವಿಲ್ಡ್‌ಬೀಸ್ಟ್‌ಗಳು ಸಾಮಾನ್ಯವಾಗಿ ಇನ್ನೂ ಅಲ್ಲೇ ಇರುತ್ತವೆ. ಜುಲೈ, ಆಗಸ್ಟ್‌ನ ಪ್ರವಾಸಿಗರ ನೂಕುನುಗ್ಗಲೂ ಅಷ್ಟರಲ್ಲಿ ಇಳಿದಿರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರ ನಮ್ಮ ರಾಜ್ಯದಲ್ಲೇ ಇದೆ. ಮೈಸೂರು ಜಿಲ್ಲೆಯ ಕಬಿನಿ ಹಿನ್ನೀರು ಬತ್ತಿ, ಬಯಲಾದ ನೆಲದಲ್ಲಿ ಎಳೆ ಹುಲ್ಲು ಚಿಗುರಿ, ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಆನೆಗಳು ಅಲ್ಲಿಗೆ ಇಳಿಯುವ ಕಾಲ ಅದು. ದಸರಾ ರಜೆಯನ್ನು ಆಫ್ರಿಕಕ್ಕೂ ಬೇಸಗೆ ರಜೆಯನ್ನು ಕಬಿನಿಗೂ ಇಟ್ಟುಕೊಂಡರೆ ಎರಡೂ ಕೈಗೆ ಸಿಗುತ್ತವೆ. ಅದಲುಬದಲು ಮಾಡಿದರೆ ಕೆನ್ಯಾದಲ್ಲಿ ಕೆಸರು, ಕಬಿನಿಯಲ್ಲಿ ಮಳೆಗಾಲ ಮುಗಿದ ಮೇಲಿನ ದಟ್ಟ ಹಸಿರು ಗೋಡೆ.

ಈ ಹೊಂದಿಕೆ ಬರೀ ಆಕಸ್ಮಿಕವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಗೋಲಾರ್ಧದಿಂದ ಹೊರಟ ಗಾಳಿ ಕೆನ್ಯಾದ ಕರಾವಳಿಯ ಬಳಿ ಸಮಭಾಜಕ ವೃತ್ತ ದಾಟಿ, ಸೊಮಾಲಿಯಾದ ಬದಿಯಲ್ಲಿ ಬಿರುಸು ಪಡೆದು, ಅರಬ್ಬಿ ಸಮುದ್ರದ ಮೇಲೆ ಬಲಕ್ಕೆ ತಿರುಗಿ ನಮ್ಮ ದಂಡೆಗೆ ಅಪ್ಪಳಿಸುತ್ತದೆ. ಬ್ರಿಟಿಷ್ ಹವಾಮಾನ ವಿಜ್ಞಾನಿ ಫಿಂಡ್ಲೇಟರ್ 1960ರ ದಶಕದಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರಿದೆ. ಬೀಜಾಡಿಯ ತೆಂಗಿನ ತೋಟದಲ್ಲಿ ಆಷಾಢದ ಮಳೆ ಜಡಿಯುತ್ತಿರುವಾಗ, ಆ ಮಳೆ ತಂದ ಗಾಳಿ ದಾಟಿ ಬಂದ ನಾಡಿನಲ್ಲಿ ಹುಲ್ಲು ಒಣಗುತ್ತಿರುತ್ತದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಮಾರಾದ ಉತ್ತರ ಭಾಗದಲ್ಲಿ ಸುಮಾರು ಸಾವಿರ, ಸೆರೆಂಗೆಟಿಯ ಆಗ್ನೇಯ ಬಯಲಿನಲ್ಲಿ ಐನೂರರ ಆಸುಪಾಸು. ಸಫಾರಿಯ ಗುಟ್ಟು ಈ ಮಳೆಯ ಲೆಕ್ಕದಲ್ಲೇ ಇದೆ.

ಊರ ಬದಿಯ ಕಾಡನ್ನೇ ನೋಡಿ. ಬೀಜಾಡಿಯಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಕೊಲ್ಲೂರಿನ ಮೂಕಾಂಬಿಕಾ ವನ್ಯಜೀವಿ ಧಾಮವಿದೆ, 1974ರಲ್ಲಿ ಘೋಷಣೆಯಾದದ್ದು. ಸಿಂಗಳೀಕ, ಕೆಂಜಳಿಲು, ಮಂಗಟ್ಟೆ ಹಕ್ಕಿ, ಕಾಟಿ, ಕಡವೆ ಎಲ್ಲವೂ ಅಲ್ಲಿವೆ. ಆದರೂ ಜನ್ಮವಿಡೀ ಕೊಲ್ಲೂರು ದಾರಿಯಲ್ಲಿ ಓಡಾಡಿದವರು ಕಾಟಿಯನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ. ನಿತ್ಯಹರಿದ್ವರ್ಣದ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುವುದಿಲ್ಲ. ಚಿಗುರು, ಹಣ್ಣು, ಹೂವು ಎಲ್ಲ ಮರದ ನೆತ್ತಿಯಲ್ಲಿ. ಅದನ್ನು ತಿನ್ನುವ ಜೀವಿಗಳೂ ಅಲ್ಲೇ. ನೆಲದಲ್ಲಿ ಹುಲ್ಲಿಲ್ಲದ ಕಡೆ ದೊಡ್ಡ ಮೇಯುವ ಹಿಂಡು ಇರಲಾರದು. ಹಿಂಡಿಲ್ಲದ ಕಡೆ ದೊಡ್ಡ ಬೇಟೆಪ್ರಾಣಿಗಳೂ ವಿರಳ.

ಮರಗಳ ನಡುವೆ ಬಿಸಿಲು ಬೀಳುವಷ್ಟು ಎಡೆ ಇದ್ದು, ಅಡಿಯಲ್ಲಿ ಹುಲ್ಲು ಹರಡಿದ ನಾಡೇ ಸವನ್ನಾ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯದಲ್ಲಿ ಮಹತ್ವದ್ದು. ನಾವು ಒಣ ಎಲೆಯುದುರುವ ಕಾಡು ಎಂದು ಕರೆಯುತ್ತ ಬಂದ ಏಷ್ಯಾದ ಎಷ್ಟೋ ಪ್ರದೇಶಗಳು, ಹುಲ್ಲಿನ ಹಾಸು ಮತ್ತು ಬೆಂಕಿಗೆ ಹೊಂದಿಕೊಂಡ ಮರಗಳ ದೃಷ್ಟಿಯಿಂದ ನಿಜಕ್ಕೂ ಸವನ್ನಾಗಳೇ ಎಂದು ಅವರು ವಾದಿಸಿದರು. ಆ ಕಣ್ಣಿನಿಂದ ನೋಡಿದರೆ ಬಂಡೀಪುರದ ದಿಂಡಿಗ, ಮತ್ತಿ, ತೇಗದ ಮರಗಳ ಅಡಿಯ ಹುಲ್ಲಿಗೂ ಮಾರಾದ ಜಾಲಿ ಮರಗಳ ಅಡಿಯ ಹುಲ್ಲಿಗೂ ನಂಟು ಕಾಣುತ್ತದೆ. ಒಂದರಲ್ಲಿ ಮರ ಹೆಚ್ಚು, ಇನ್ನೊಂದರಲ್ಲಿ ಬಯಲು ಹೆಚ್ಚು. ಕರಾವಳಿಯ ಪ್ರವಾಸಿಗನಿಗೆ ಇದರಿಂದ ಒಂದು ಉಪಯುಕ್ತ ಪಾಠವಿದೆ: ಎರಡೂ ಕಡೆ ಮೊದಲು ಕೇಳಬೇಕಾದದ್ದು ಹುಲಿ ಎಲ್ಲಿ, ಸಿಂಹ ಎಲ್ಲಿ ಎಂದಲ್ಲ, ಈ ತಿಂಗಳು ಹಸಿ ಹುಲ್ಲು ಎಲ್ಲಿದೆ, ನೀರು ಎಲ್ಲಿ ಉಳಿದಿದೆ ಎಂದು.

ವಿಲ್ಡ್‌ಬೀಸ್ಟ್‌ಗಳ ವಲಸೆ ಅದೇ ಪ್ರಶ್ನೆಗೆ ಪ್ರಾಣಿಗಳು ಕೊಟ್ಟುಕೊಂಡ ಉತ್ತರ. ತಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದ ಬಯಲಿದೆ. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ರಂಜಕ, ಸುಣ್ಣದಂಥ ಖನಿಜಗಳು ಹೇರಳ. ಬಾಣಂತಿ ಪ್ರಾಣಿಗಳಿಗೆ ಬೇಕಾದದ್ದೇ ಅದು. ಜನವರಿಯಿಂದ ಮಾರ್ಚ್‌ವರೆಗೆ ಹಿಂಡು ಅಲ್ಲಿರುತ್ತದೆ. ಬಹುಪಾಲು ಕರುಗಳು ಫೆಬ್ರುವರಿಯ ಎರಡು ಮೂರು ವಾರಗಳಲ್ಲೇ ಹುಟ್ಟುತ್ತವೆ. ಮಳೆ ನಿಂತು ಆ ಬಯಲು ಒಣಗಿದಾಗ ಹಿಂಡು ಪಶ್ಚಿಮಕ್ಕೂ ಉತ್ತರಕ್ಕೂ ಸರಿಯುತ್ತದೆ. ಒಣಗಾಲದಲ್ಲೂ ಬತ್ತದ ಮಾರಾ ನದಿ ಉತ್ತರದ ತುದಿಯಲ್ಲಿ ಹರಿಯುತ್ತದೆ, ಆಗಾಗ ಮಳೆ ಬೀಳುವುದೂ ಅಲ್ಲೇ. ಜುಲೈನಿಂದ ಅಕ್ಟೋಬರ್‌ವರೆಗೆ ಹಿಂಡು ಕೆನ್ಯಾದ ಗಡಿಯೊಳಗೆ ಇರುವುದಕ್ಕೆ ಕಾರಣ ಇಷ್ಟೇ.

ಈ ಹಿಂಡು ಯಾವಾಗಲೂ ಇಷ್ಟು ದೊಡ್ಡದಿರಲಿಲ್ಲ. 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವಿಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಗೆ ಹದಿಮೂರು ಲಕ್ಷದ ಆಸುಪಾಸಿಗೆ ಏರಿದವು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿ ರಿಂಡರ್‌ಪೆಸ್ಟ್ ಎಂಬ ಜಾನುವಾರು ರೋಗವನ್ನು ಅಡಗಿಸಿದ್ದು ಅದಕ್ಕೆ ಮುಖ್ಯ ಕಾರಣ. ಅದೇ ರೋಗ 1960ರ ದಶಕದ ಕೊನೆಗೆ ಬಂಡೀಪುರ, ಮದುಮಲೆಯ ಕಾಟಿಗಳನ್ನೂ ಭಾರಿ ಸಂಖ್ಯೆಯಲ್ಲಿ ಕೊಂದಿತ್ತು. ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಇವತ್ತು ಮಾರಾದಲ್ಲಿ ದಿಗಂತದವರೆಗೆ ಸಾಲುಗಟ್ಟಿದ ಹಿಂಡು ಕಂಡು ಬೆರಗಾಗುವವರು, ಕಬಿನಿ ದಂಡೆಯಲ್ಲಿ ಕಾಟಿಗಳ ಗುಂಪು ಕಂಡು ಹಿಗ್ಗುವವರು, ಇಬ್ಬರೂ ದನದ ಡಾಕ್ಟರುಗಳಿಗೆ ಋಣಿಗಳು.

ಇನ್ನು ದಿನಗಳ ಹಂಚಿಕೆ. ಆರು ದಿನದ ರಜೆಯಲ್ಲಿ ಮಸಾಯಿ ಮಾರಾ, ನಕುರು, ಅಂಬೊಸೆಲಿ ಮೂರನ್ನೂ ತೋರಿಸುವ ಪ್ಯಾಕೇಜುಗಳಿವೆ. ನಕ್ಷೆಯಲ್ಲಿ ಅವು ಹತ್ತಿರ ಕಾಣುತ್ತವೆ. ದಾರಿಯಲ್ಲಿ ಒಂದೊಂದಕ್ಕೂ ಐದಾರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮಕ್ಕಳು, ಹಿರಿಯರು ಇರುವ ತಂಡಕ್ಕೆ ಅದು ಬಸ್ಸಿನ ಪ್ರವಾಸವಾಗುತ್ತದೆಯೇ ಹೊರತು ಸಫಾರಿಯಾಗುವುದಿಲ್ಲ. ಒಂದೇ ಉದ್ಯಾನ, ಒಂದೇ ಶಿಬಿರ, ಮೂರು ರಾತ್ರಿ: ಕಿರು ಸಫಾರಿಗೆ ಇದಕ್ಕಿಂತ ಒಳ್ಳೆಯ ಹಂಚಿಕೆ ಇಲ್ಲ. ಆ ಒಂದು ಉದ್ಯಾನ ಯಾವುದಾಗಬೇಕು ಎಂದರೆ, ಭಾರತದಿಂದ ಹೋಗುವವರಿಗೆ ಮಸಾಯಿ ಮಾರಾ ಸುಲಭ. ದಕ್ಷಿಣ ಆಫ್ರಿಕದ ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್, ಸೆರೆಂಗೆಟಿ 14,763. ಮಾರಾ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್ ಮಾತ್ರ. ಹಿಡಿಯಷ್ಟು ಜಾಗದಲ್ಲಿ ಸಿಂಹ, ಚಿರತೆ, ಚೀತಾ, ಆನೆ, ಜಿರಾಫೆ, ನೀರಾನೆ, ಕತ್ತೆಕಿರುಬ ಎಲ್ಲವೂ ಇರುವುದರಿಂದ ಸುತ್ತಾಟ ಕಡಿಮೆ.

ಬೀಜಾಡಿಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೂರು ಕಿಲೋಮೀಟರ್ ಸುಮಾರು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಆರು ಗಂಟೆಯ ಆಸುಪಾಸು. ಬೆಂಗಳೂರಿನಿಂದ ಹೊರಡುವವರಿಗೆ ಅಡಿಸ್ ಅಬಾಬಾ ಮೂಲಕ ಹೋಗುವ ದಾರಿಯೂ ಇದೆ. ಕೆನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಳಗಿನ ಜಾವ ಎಚ್ಚರವಾಗುವುದು ಇದರಿಂದ ಸಲೀಸು, ಸಫಾರಿಗೆ ಅದೇ ಬೇಕಾದದ್ದು. ನೈರೋಬಿಯಿಂದ ನಾರೊಕ್ ಪಟ್ಟಣದ ಮೇಲೆ ರಸ್ತೆಯಲ್ಲಿ ಹೋದರೆ ಐದಾರು ಗಂಟೆ. ವಿಲ್ಸನ್ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಮುಕ್ಕಾಲು ಗಂಟೆ, ಆದರೆ ಒಬ್ಬರಿಗೆ ಹದಿನೈದು ಕಿಲೋ ಸಾಮಾನು ಮಾತ್ರ, ಅದೂ ಮೆತ್ತನೆಯ ಬಟ್ಟೆಚೀಲದಲ್ಲಿ. ಗಟ್ಟಿ ಸೂಟ್‌ಕೇಸು ಒಯ್ದವರು ನೈರೋಬಿಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ. ದುಡ್ಡು ಇದ್ದರೆ ಹೋಗುವಾಗ ರಸ್ತೆ, ಬರುವಾಗ ವಿಮಾನ ಎಂದು ಇಟ್ಟುಕೊಳ್ಳುವುದು ಜಾಣತನ. ಹೋಗುವಾಗ ರಿಫ್ಟ್ ಕಣಿವೆಯ ಅಂಚಿನಿಂದ ಕೆಳಗಿನ ಬಯಲು ನೋಡಬಹುದು, ಬರುವಾಗ ಕೊನೆಯ ಬೆಳಗಿನ ಸಫಾರಿ ತಪ್ಪುವುದಿಲ್ಲ.

ಖರ್ಚಿನಲ್ಲಿ ಅನೇಕರು ಎಡವುವುದು ಪ್ರವೇಶ ಶುಲ್ಕದಲ್ಲಿ. 2024ರ ಪರಿಷ್ಕರಣೆಯ ಪ್ರಕಾರ ವಿದೇಶಿ ವಯಸ್ಕರಿಗೆ ಮಸಾಯಿ ಮಾರಾದ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಒಂಬತ್ತರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ 50. ಗಂಡ, ಹೆಂಡತಿ, ಇಬ್ಬರು ಶಾಲಾ ಮಕ್ಕಳು ದಸರೆಯಲ್ಲಿ ಎರಡು ದಿನ ಒಳಗೆ ಇದ್ದರೆ ಶುಲ್ಕವೇ ಸಾವಿರ ಡಾಲರ್. ಡಾಲರಿಗೆ 90 ರೂಪಾಯಿಯಂತೆ 90 ಸಾವಿರ. ವಸತಿ, ವಾಹನ, ವಿಮಾನ ಇದರ ಮೇಲೆ. ಈ ಟಿಕೆಟು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ಸಲ್ಲುತ್ತದೆ. ಆದ್ದರಿಂದ ನೈರೋಬಿಯಿಂದ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ತಲುಪಿ, ಎರಡು ಗಂಟೆಯ ಓಡಾಟಕ್ಕೆ ಇಡೀ ದಿನದ ಶುಲ್ಕ ಕಟ್ಟುವುದು ವ್ಯರ್ಥ. ಮೊದಲ ರಾತ್ರಿ ಸೆಕೆನಾನಿ ಅಥವಾ ತಾಲೆಕ್ ಗೇಟಿನ ಹೊರಗೆ ಉಳಿದು ಮರುದಿನ ಆರಕ್ಕೆ ಒಳಹೊಕ್ಕರೆ ಹಣವೂ ಉಳಿಯಿತು, ನಿದ್ದೆಯೂ ಆಯಿತು.

ಮೀಸಲು ಪ್ರದೇಶದ ಸುತ್ತ ನಬೊಯಿಶೊ, ಓಲಾರೆ ಮೊಟೊರೊಗಿಯಂಥ ಸಂರಕ್ಷಿತ ಭೂಮಿಗಳಿವೆ. ಇವು ಮಸಾಯಿ ಕುಟುಂಬಗಳ ಸ್ವಂತ ಜಮೀನು. ಶಿಬಿರಗಳು ತಿಂಗಳು ತಿಂಗಳು ಗೇಣಿ ಕೊಡುತ್ತವೆ, ಆ ಆದಾಯದಿಂದ ಜಮೀನು ಬೇಲಿಯಿಲ್ಲದೆ ಉಳಿದಿದೆ. ಇಲ್ಲಿ ಒಂದು ಪ್ರಾಣಿಯ ಬಳಿ ನಿಲ್ಲುವ ವಾಹನಗಳಿಗೆ ಮಿತಿ ಇದೆ, ಮೀಸಲು ಪ್ರದೇಶದೊಳಗೆ ಇಲ್ಲದ ರಾತ್ರಿ ಸಫಾರಿ ಮತ್ತು ಕಾಲ್ನಡಿಗೆಗೆ ಅವಕಾಶವಿದೆ. ದುಬಾರಿ ನಿಜ. ಆದರೂ ಮೂರು ರಾತ್ರಿಯಲ್ಲಿ ಒಂದನ್ನಾದರೂ ಇಲ್ಲಿ ಕಳೆಯುವುದು ಒಳ್ಳೆಯದು. ಕಾಡಿನ ಪಕ್ಕ ದನ ಕಾಯುತ್ತ ಬಾಳುವವರಿಗೆ ಕಾಡಿನಿಂದ ದುಡ್ಡು ಸೇರಬೇಕು ಎಂಬ ಮಾತನ್ನು ಕರ್ನಾಟಕದಲ್ಲಿ ಎಷ್ಟೋ ವರ್ಷಗಳಿಂದ ಆಡುತ್ತಿದ್ದೇವೆ. ಅದು ನಡೆಯುವ ಬಗೆಯನ್ನು ಕಣ್ಣಾರೆ ಕಾಣುವ ಜಾಗ ಇದು.

ನದಿ ದಾಟುವ ದೃಶ್ಯಕ್ಕೆಂದೇ ಹೋಗುವವರು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಲ್ಡ್‌ಬೀಸ್ಟ್‌ಗಳು ಯಾವ ಗಂಟೆಗೆ ನೀರಿಗಿಳಿಯುತ್ತವೆ ಎಂದು ಯಾವ ಚಾಲಕನೂ ಹೇಳಲಾರ. ಬೀಜಾಡಿ ಕಡಲ ದಂಡೆಯಲ್ಲಿ ಕೈರಂಪಣಿಯವರು ನೀರಿನ ಬಣ್ಣ ನೋಡುತ್ತ ಮೀನಿನ ಹಿಂಡಿಗೆ ಕಾಯುವಂತೆ ಇಲ್ಲಿಯೂ ಕಾಯಬೇಕು. ಸಾವಿರಾರು ಪ್ರಾಣಿಗಳು ದಂಡೆಯ ತುದಿಗೆ ಬಂದು, ಮೊಸಳೆಯ ಸುಳಿವು ಸಿಕ್ಕಿತೋ ಎದುರು ದಂಡೆಯಲ್ಲಿ ಜೀಪು ಅಡ್ಡ ಬಂತೋ, ಹಿಂದಿರುಗಿ ಹೋಗುವುದುಂಟು. 2025ರ ಜುಲೈನಲ್ಲಿ ಸೆರೆಂಗೆಟಿಯ ಬದಿಯಲ್ಲಿ ಪ್ರವಾಸಿಗರು ವಾಹನಗಳಿಂದ ಇಳಿದು ದಂಡೆಯಲ್ಲಿ ಗುಂಪುಗೂಡಿ ಪ್ರಾಣಿಗಳ ದಾರಿಗೆ ಅಡ್ಡ ನಿಂತ ವಿಡಿಯೊ ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. ಚಾಲಕನಿಗೆ ಇನ್ನೂ ಹತ್ತಿರ ಹೋಗು ಎಂದು ಒತ್ತಾಯಿಸದೆ ಇರುವುದು ನಾವು ಅಲ್ಲಿ ಮಾಡಬಹುದಾದ ದೊಡ್ಡ ಉಪಕಾರ.

ಕಾಗದಪತ್ರಗಳಲ್ಲಿ ಮರೆಯಬಾರದ್ದು ಹಳದಿ ಜ್ವರದ ಲಸಿಕೆ. ಕೆನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬೇಕಿಲ್ಲ, ಬದಲಿಗೆ ಇಟಿಎ ಎಂಬ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ಅದು ಸುಲಭ. ತೊಡಕಾಗುವುದು ಮರಳಿ ಬರುವಾಗ. ಕೆನ್ಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಈ ಸೊಳ್ಳೆಜ್ವರ ನಮ್ಮಲ್ಲಿ ಇಲ್ಲ, ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಧಾರಾಳವಾಗಿದೆ. ನಿಯಮ ಇಷ್ಟು ಬಿಗಿಯಾಗಿರುವುದು ಅದಕ್ಕೇ. ಚುಚ್ಚುಮದ್ದು ಕೇಂದ್ರ ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಅರವತ್ತು ದಾಟಿದವರು, ಮೊಟ್ಟೆ ಒಗ್ಗದವರು, ಒಂಬತ್ತು ತಿಂಗಳೊಳಗಿನ ಕೂಸು ಇರುವವರು ಮೊದಲು ವೈದ್ಯರನ್ನು ಕಾಣಲೇಬೇಕು. ಮಾರಾದಲ್ಲಿ ಮಲೇರಿಯವೂ ಇದೆ. ಹೊರಡುವ ಮೊದಲೇ ಶುರುಮಾಡಿ ಮರಳಿದ ಮೇಲೂ ಮುಂದುವರಿಸಬೇಕಾದ ಮಾತ್ರೆಗಳ ಬಗ್ಗೆ ಅದೇ ಭೇಟಿಯಲ್ಲಿ ಕೇಳಿಕೊಳ್ಳಬಹುದು.

ಚೀಲ ಕಟ್ಟುವಾಗ ಇನ್ನೊಂದು ಎಚ್ಚರ. ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. 2020ರ ಜೂನ್‌ನಿಂದ ಸಂರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ. ಚಟ್ನಿಪುಡಿ, ಅವಲಕ್ಕಿ, ಚಕ್ಕುಲಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟದೆ ಸ್ಟೀಲು ಡಬ್ಬಿಯಲ್ಲೋ ಬಟ್ಟೆಚೀಲದಲ್ಲೋ ಒಯ್ಯಬೇಕು. ಸಸ್ಯಾಹಾರಿಗಳಿಗೆ ಅಲ್ಲಿ ಊಟದ ಕಷ್ಟ ಬಾರದು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದರು. 1898ರಲ್ಲಿ ತ್ಸಾವೊ ಸೇತುವೆಯ ಬಳಿ ಎರಡು ನರಭಕ್ಷಕ ಸಿಂಹಗಳ ಬಾಯಿಗೆ ಬಿದ್ದವರಲ್ಲಿ ಅವರೂ ಇದ್ದರು. ಉಳಿದವರ ಮತ್ತು ಅವರ ಹಿಂದೆ ಬಂದ ವ್ಯಾಪಾರಿಗಳ ಸಂತತಿಯನ್ನು 2017ರಲ್ಲಿ ಕೆನ್ಯಾ ತನ್ನ 44ನೆಯ ಬುಡಕಟ್ಟಾಗಿ ಮಾನ್ಯ ಮಾಡಿತು. ಅವರಿಂದಾಗಿ ಚಪಾತಿ ಅಲ್ಲಿನ ಮನೆಮನೆಯ ತಿನಿಸಾಗಿದೆ. ಇನ್ನು, ಮಾರಾ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿದೆ. ತೆರೆದ ಜೀಪಿನಲ್ಲಿ ಬೆಳಗಿನ ಚಳಿ ಕರಾವಳಿಯವರಿಗೆ ತಡೆಯದು, ಸ್ವೆಟರ್ ಬೇಕೇ ಬೇಕು.

ಮರಳುವ ದಿನ ನೈರೋಬಿಯಲ್ಲಿ ಅರ್ಧ ದಿನ ಉಳಿದರೆ ಅದನ್ನು ಅಂಗಡಿಗಳಲ್ಲಿ ಕಳೆಯುವುದಕ್ಕಿಂತ ನೈರೋಬಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು ಲೇಸು. 1946ರಲ್ಲಿ ಸ್ಥಾಪನೆಯಾದ, 117 ಚದರ ಕಿಲೋಮೀಟರಿನ, ಕೆನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಅದು. ಮಾರಾದಲ್ಲಿ ಅಪರೂಪವಾದ ಖಡ್ಗಮೃಗ ಇಲ್ಲಿ, ಹಿಂದೆ ನಗರದ ಬಹುಮಹಡಿ ಕಟ್ಟಡಗಳು ನಿಂತಿರುವಂತೆಯೇ ಮೇಯುತ್ತಿರುತ್ತದೆ.

ಈಗ ಬೇಸಗೆ ರಜೆಯ ಕಡೆಗೆ. ಕಬಿನಿಯ ಚರಿತ್ರೆಯನ್ನು ಅರಿತು ಹೋದರೆ ನೋಟ ಹಿಗ್ಗುತ್ತದೆ. ಈಗ ಹಿನ್ನೀರು ನಿಲ್ಲುವ ಕಾಕನಕೋಟೆಯ ನೆಲ ಒಂದು ಕಾಲಕ್ಕೆ ಖೆಡ್ಡಾದ ನೆಲ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದಲ್ಲಿ ಆನೆಗಳ ಹಿಂಡನ್ನೇ ಅಟ್ಟಿ ಹಿಡಿಯುವ ಈ ಪದ್ಧತಿ ರೂಪಿಸಿದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಅಣೆಕಟ್ಟು ಮುಗಿದು ನೆಲ ಮುಳುಗಿತು. ಕಾಡು, ಊರು, ಹಾಡಿ ಕಳೆದುಕೊಂಡವರ ನೋವು ಆ ನೀರಿನಡಿ ಇದೆ. ಆದರೆ ಬೇಸಗೆಯಲ್ಲಿ ಇಳಿದ ನೀರಿನಂಚಿನ ಹುಲ್ಲು ಏಷ್ಯಾದ ಆನೆಗಳ ಅತಿ ದೊಡ್ಡ ಕೂಟಗಳಲ್ಲಿ ಒಂದಕ್ಕೆ ಎಡೆಯಾಯಿತು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ನೇಪಾಳದ ಟೈಗರ್ ಟಾಪ್ಸ್ ಜೊತೆ ಕೂಡಿ ಕಾರಾಪುರದ ಹಳೆಯ ಬೇಟೆ ಬಂಗಲೆಯಲ್ಲಿ ವಸತಿಗೃಹ ತೆರೆಯಿತು. ಅದನ್ನು ಕಟ್ಟಿ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಸರ್ಕಾರಿ ಸಂಸ್ಥೆಯೊಂದು ಸಫಾರಿಯನ್ನು ಇಷ್ಟು ಶಿಸ್ತಿನಿಂದ ನಡೆಸಬಲ್ಲದು ಎಂದು ದೇಶಕ್ಕೆ ತೋರಿಸಿದ ಹೆಮ್ಮೆ ಕರ್ನಾಟಕದ್ದು.

ಬೀಜಾಡಿಯವರಿಗೆ ನಾಗರಹೊಳೆಯ ನಂಟು ಇನ್ನೂ ಹತ್ತಿರದ್ದು. ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1980ರ ದಶಕದ ನಡುವಿನಿಂದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ಹುಲಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿದರು, ಮೈಮೇಲಿನ ಪಟ್ಟೆಗಳನ್ನು ಸ್ವಯಂಚಾಲಿತ ಕ್ಯಾಮೆರಾದಲ್ಲಿ ಹಿಡಿದು ಒಂದೊಂದನ್ನೂ ಗುರುತಿಸಿ ಎಣಿಸುವ ವಿಧಾನ ಬೆಳೆಸಿದರು. ಒಂದು ಹುಲಿ ವರ್ಷಕ್ಕೆ ಸುಮಾರು ಐವತ್ತು ಜಿಂಕೆ, ಕಡವೆ, ಕಾಟಿಯಂಥ ಪ್ರಾಣಿಗಳನ್ನು ತಿನ್ನುತ್ತದೆ. ಹುಲಿಯ ಸಂಖ್ಯೆಯನ್ನು ನಿರ್ಧರಿಸುವುದು ಬಲಿಪ್ರಾಣಿಗಳ ಸಂಖ್ಯೆ ಎಂಬುದು ಅವರ ಕೆಲಸದ ತಿರುಳು. 2022ರ ಗಣತಿಯ ಅಂದಾಜಿನಂತೆ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳು. ಮತ್ತೆ ಹುಲ್ಲಿನ ಮಾತಿಗೇ ಬಂದು ನಿಲ್ಲುತ್ತದೆ. ಬಂಡೀಪುರದ ನೆಲವನ್ನು ಮುತ್ತಿರುವ ಲಂಟಾನ ಹುಲ್ಲಿಗೆ ಎಡೆಗೊಡುತ್ತಿಲ್ಲ. ಅದನ್ನು ಬೇರುಸಹಿತ ಕೀಳಿಸುವ ಕೆಲಸಕ್ಕೆ ಸಫಾರಿಯ ಆದಾಯದ ದೊಡ್ಡ ಪಾಲು ಹೋಗಬೇಕು. ಮಕ್ಕಳನ್ನು ಕರೆದೊಯ್ಯುವ ಮೊದಲು ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ ತೋರಿಸುವುದು ಒಳ್ಳೆಯ ಸಿದ್ಧತೆ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ಕುಂದಾಪುರ ಕೆರಾಡಿಯವರೇ ಆದ ರಿಷಬ್ ಶೆಟ್ಟಿ ಅದಕ್ಕೆ ದನಿ ಕೊಟ್ಟಿದ್ದಾರೆ.

ದಾರಿ ಮಂಗಳೂರು, ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ ಮೇಲೆ. ಕಾರಿನಲ್ಲಿ ಇಡೀ ಹಗಲು ಬೇಕು. ನಾಗರಹೊಳೆಯೊಳಗೆ ಹಾದುಹೋಗುವ ರಸ್ತೆಗಳ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ, ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದೆ. ತಡವಾಗಿ ಹೊರಟು ದಾರಿಯಲ್ಲಿ ಸಿಕ್ಕಿಕೊಳ್ಳುವವರಲ್ಲಿ ಕರಾವಳಿಯವರೇ ಹೆಚ್ಚು ಎಂದು ಆ ಕಡೆಯ ಚಾಲಕರು ಹೇಳುವುದುಂಟು. ಸ್ವಂತ ವಾಹನದಲ್ಲಿ ಸಫಾರಿ ಇಲ್ಲ, ಇಲಾಖೆಯ ಬಸ್ಸು ಅಥವಾ ಜಂಗಲ್ ಲಾಡ್ಜಸ್ ಜೀಪಿನಲ್ಲೇ ಹೋಗಬೇಕು. ಎರಡು ರಾತ್ರಿ ಉಳಿದರೆ ನಾಲ್ಕು ಸಫಾರಿ ಸಿಗುತ್ತದೆ. ಅದರಲ್ಲಿ ಒಂದನ್ನು ದೋಣಿಯಲ್ಲಿ ಮಾಡಬೇಕು. ಆನೆಗಳಿಗೆ ದೋಣಿಯ ಭಯ ಕಡಿಮೆ, ಮೊಸಳೆ, ನೀರುನಾಯಿ, ಹಕ್ಕಿಗಳೂ ಕಾಣುತ್ತವೆ. ಮುಂಗಾರು ಪೂರ್ವದ ಮಳೆ ಜೋರಾಗಿ ಬಿದ್ದರೆ ಕಾಡಿನೊಳಗೆ ಹೊಂಡಗಳು ತುಂಬಿ ಆನೆಗಳು ಚದುರುತ್ತವೆ, ಆದ್ದರಿಂದ ಮೇ ಕೊನೆಗಿಂತ ಏಪ್ರಿಲ್ ಲೇಸು.

ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಭಾಗದ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಸಫಾರಿಗೆ ನಿಯೋಜಿಸಿದ ಸಿಬ್ಬಂದಿಯನ್ನು ಹುಲಿ ಪತ್ತೆಗೆ ಕಳಿಸುವಂತೆ ಸೂಚಿಸಿ ಅರಣ್ಯ ಸಚಿವ ಈಶ್ವರ ಖಂಡ್ರೆ ನವೆಂಬರಿನಲ್ಲಿ ಅಲ್ಲಿನ ಸಫಾರಿಯನ್ನೇ ನಿಲ್ಲಿಸಿದರು. ಹೊಲಕ್ಕೆ ಹೋದವನು ಮನೆಗೆ ಮರಳದ ಹಳ್ಳಿಯ ದಾರಿಯಲ್ಲೇ ನಮ್ಮ ಸಫಾರಿ ಬಸ್ಸು ಸಾಗುತ್ತದೆ. ಆ ಜನರ ಜೀವಕ್ಕೂ ಬೆಳೆಗೂ ಮೊದಲ ಸ್ಥಾನ ಸಿಗಬೇಕಾದದ್ದು ನ್ಯಾಯ. ಸಫಾರಿಯ ನಿಯಮ, ವೇಳೆ, ವಾಹನಗಳ ಸಂಖ್ಯೆ ಮುಂದೆಯೂ ಬದಲಾಗಬಹುದು. ಮುಂಗಡ ಕಟ್ಟುವ ಮುನ್ನ, ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯ ಆ ವಾರದ ಪ್ರಕಟಣೆ ನೋಡುವುದು ಕಡ್ಡಾಯ ಎಂದು ತಿಳಿಯಬೇಕು.

ಅಷ್ಟು ದೂರ ಹೋಗಲಾಗದವರಿಗೆ, ವಾರಾಂತ್ಯದ ಎರಡೇ ದಿನ ಇರುವವರಿಗೆ ರಾಣೆಬೆನ್ನೂರು ಇದೆ. ಶಿವಮೊಗ್ಗದ ಮೇಲೆ ಐದಾರು ಗಂಟೆಯ ದಾರಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ 119 ಚದರ ಕಿಲೋಮೀಟರಿನ ಈ ಧಾಮ, ಬಯಲುಸೀಮೆಯ ಹುಲ್ಲುಗಾವಲಿನ ಉಳಿದ ತುಣುಕು. ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇಲ್ಲಿತ್ತು. ಬಂಜರು ಎಂದು ಬಗೆದು ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟದ್ದು ಅದಕ್ಕೆ ಮುಳುವಾಯಿತು. ಆದರೂ ಚಳಿಗಾಲದ ಬೆಳಿಗ್ಗೆ ನೂರಾರು ಕೃಷ್ಣಮೃಗಗಳು ಒಟ್ಟಿಗೆ ನೆಗೆದು ಓಡುವುದನ್ನು ಇಲ್ಲಿ ನೋಡಬಹುದು, ಅದೂ ಡಾಲರಿನ ಲೆಕ್ಕವಿಲ್ಲದೆ.

ಮುಂದಿನ ದಸರೆಗೆ ಮಾರಾ ಎಂದು ಮನಸ್ಸು ಮಾಡಿದವರು ಈ ಬೇಸಗೆ ಮುಗಿಯುವ ಮೊದಲೇ ಶಿಬಿರ ಕಾಯ್ದಿರಿಸಿ, ನಿಮ್ಮ ತಂಡಕ್ಕೆಂದೇ ಒಂದು ವಾಹನ, ಪ್ರತಿಯೊಬ್ಬರಿಗೂ ಕಿಟಕಿ ಪಕ್ಕದ ಆಸನ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಜುಲೈಯೊಳಗೆ ಹಳದಿ ಜ್ವರದ ಲಸಿಕಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ಹೋಗುವಾಗ ಪಾಸ್‌ಪೋರ್ಟಿನ ಜೊತೆಗೇ ಆ ಲಸಿಕೆಯ ಪ್ರಮಾಣಪತ್ರದ ಹಳದಿ ಪುಸ್ತಕವನ್ನೂ ಇಟ್ಟುಕೊಳ್ಳಿ.